ನಲವತ್ತೊಂದು ಜನ ಒಪ್ಪಿದ ಸಮುದ್ರ

ಮಾರ್ಚ್ 4

ಅಪ್ಪನವರಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷಮೆ ಕೇಳಲು ಬರೆದ ಕಾಗದ ಎಂದು ತಿಳಿಯಬೇಡಿ. ವಿಷಯ ತಿಳಿಸುವುದು ನನ್ನ ಕರ್ತವ್ಯ, ತಿಳಿಸುತ್ತಿದ್ದೇನೆ.

ಜೂನ್ ಹದಿನಾಲ್ಕಕ್ಕೆ ನನ್ನ ಮದುವೆ. ಇಲ್ಲೇ, ರಸ್ತೆ ಕೆಲಸದ ಶಿಬಿರದಲ್ಲಿ. ಈಗ ದಾರಿಯ ಮೇಲೆ ಎದೆಮಟ್ಟ ಹಿಮ ಬಿದ್ದಿದೆ. ಅದು ಕರಗಿದ ಮೇಲೆ ನೋಂದಣಿ ಅಧಿಕಾರಿ ದಪ್ಪ ಪುಸ್ತಕ ಹಿಡಿದುಕೊಂಡು ಬರುತ್ತಾರೆ. ಎರಡು ಸಹಿ, ಇಬ್ಬರು ಸಾಕ್ಷಿ, ಎಲ್ಲರಿಗೂ ಊಟ. ಮದುವೆ ಎಂದರೆ ಇಷ್ಟೇ.

ಹುಡುಗ ಬುಲ್ಡೋಜರ್ ಓಡಿಸುತ್ತಾನೆ. ಹೋದ ವರ್ಷ ಸರಪಳಿಗೆ ಸಿಕ್ಕಿ ಅವನ ಎಡಗೈಯ ಎರಡು ಬೆರಳು ಹೋದವು. ಈ ಶಿಬಿರಕ್ಕೆ ಇರುವ ಒಬ್ಬಳೇ ದಾದಿ ನಾನು ಎಂಬುದು ಅತ್ತೆಗೆ ಬರೆದ ಕಾಗದಗಳಿಂದ ನಿಮಗೆ ತಿಳಿದಿರಬೇಕು. ನಾಲ್ಕು ವಾರ ಆ ಕೈಗೆ ಕಟ್ಟು ಕಟ್ಟಿದೆ. ನೋವಾದಾಗ ಬೇರೆಯವರು ಕಿರುಚುತ್ತಾರೆ, ಇವನು ಹಾಡುತ್ತಿದ್ದ. ಒಂದು ಸ್ವರವೂ ಸರಿಯಿರಲಿಲ್ಲ. ಕಟ್ಟು ಬಿಚ್ಚಿದ ಮೇಲೂ ಹಾಡು ಕೇಳಬೇಕೆನಿಸಿತು, ಹಾಗಾಗಿ ಈ ತೀರ್ಮಾನ.

ಚಿನ್ನ ಇರುವುದಿಲ್ಲ. ಮೆರವಣಿಗೆ ಇರುವುದಿಲ್ಲ. ಕ್ಯಾಮೆರಾ ಇರುವುದಿಲ್ಲ. ಇಬ್ಬರು ಮನುಷ್ಯರು ಜೊತೆಗೆ ಬದುಕುತ್ತೇವೆ ಎನ್ನುವುದು ಅಂಗಡಿ ಕಿಟಕಿಯಲ್ಲಿಡುವ ಸರಕಲ್ಲ. ಈ ಬಗ್ಗೆ ಹದಿನಾರು ಪುಟದ ಒಂದು ಕಿರುಹೊತ್ತಿಗೆ ನನ್ನ ಬಳಿ ಇದೆ, ಬೇಕಾದರೆ ಕಳಿಸುತ್ತೇನೆ.

ಕ್ಯಾಮೆರಾ ಬೇಡ ಎಂದದ್ದು ನಿಮಗೇ. ಗಂಡಿನ ಕಡೆಯವರಿಗೆ ಕಳಿಸಲೆಂದು ನೀವು ತೆಗೆದ ನನ್ನ ಫೋಟೋ ನಾನು ಮರೆತಿಲ್ಲ. ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ಎಡಗೆನ್ನೆಯ ಮೇಲೆ ಉಳಿದ ಗುರುತು ಅದರಲ್ಲಿ ಇರಲೇ ಇಲ್ಲ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಅಳಿಸಿದ್ದಿರಿ. ಊರಿನ ಹೆಣ್ಣುಮಕ್ಕಳ ಮುಖವನ್ನೆಲ್ಲ ತಿದ್ದುವವರು ಸ್ವಂತ ಮಗಳದ್ದನ್ನಾದರೂ ಇದ್ದ ಹಾಗೆ ಬಿಡುತ್ತಾರೆ ಎಂದುಕೊಂಡಿದ್ದೆ. ಅದನ್ನು ಹರಿದು ನಿಮ್ಮ ಮೇಜಿನ ಮೇಲಿಟ್ಟು ಬಸ್ಸು ಹತ್ತಿದವಳು ನಾನು.

ಬರುವುದಾದರೆ ಬರಿಗೈಯಲ್ಲಿ ಬನ್ನಿ.

ನಿಮ್ಮ ಮಗಳು


ಮಾರ್ಚ್ 21

ಮುಂಗೋಪಿಗೆ,

ಕಾಗದ ಬಂತು. ನಿನ್ನ ಅತ್ತೆ ಅದನ್ನು ಮೂರು ಸಲ ಓದಿಸಿದಳು. ಮೊದಲ ಸಲ ಅತ್ತಳು, ಎರಡನೇ ಸಲ ನಕ್ಕಳು, ಮೂರನೇ ಸಲ "ಬೆರಳು ಹೋದ್ರೆ ಹೋಗ್ಲಿ ಬಿಡೋ, ತಲೆ ಸರಿಯಾಗಿದ್ಯಂತಾ ಕೇಳು" ಎಂದಳು. ತಲೆ ಸರಿಯಿದ್ದವನು ನಿನ್ನನ್ನು ಒಪ್ಪುತ್ತಾನೆಯೇ ಎಂದು ನಾನು ಕೇಳಿದೆ. 

ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದೇ ಮಾತಾಡಿಸಿದವಳು ಈಗ "ನೀವು" ಎಂದು ಬರೆದಿದ್ದೀಯ. ಓದುವಾಗ ಹಿಂದೆ ಯಾರೋ ದೊಡ್ಡ ಮನುಷ್ಯರು ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ.

ಬರುತ್ತೇನೆ. ಬರಿಗೈಯಲ್ಲೇ ಬರುತ್ತೇನೆ. ಒಂದು ತೊಂದರೆ ಇದೆ, ಹೇಳಿಬಿಡುತ್ತೇನೆ. ಮೂವತ್ತೆರಡು ವರ್ಷದಲ್ಲಿ ಕ್ಯಾಮೆರಾ ಇಲ್ಲದೆ ನಾನು ಒಂದು ಮದುವೆಗೂ ಹೋದವನಲ್ಲ. ಅಲ್ಲಿ ಎಲ್ಲಿ ಕೂರಬೇಕು, ಯಾವಾಗ ನಗಬೇಕು, ಕೈಯನ್ನು ಎಲ್ಲಿಟ್ಟುಕೊಳ್ಳಬೇಕು, ಒಂದೂ ಗೊತ್ತಿಲ್ಲ. ಮೊದಲ ಪಂಕ್ತಿಯಲ್ಲಿ ಕೂತು ಬಿಸಿ ಊಟ ಮಾಡಿದ್ದಂತೂ ಇಲ್ಲವೇ ಇಲ್ಲ.

ಇನ್ನೊಂದು ವಿಷಯಕ್ಕೆ ನನಗೇ ನಗು ಬರುತ್ತದೆ. ಸ್ಟುಡಿಯೋದ ಹಿಂಬದಿ ಗೋಡೆಗೆ ತೂಗಿರುವ ಬೆಟ್ಟದ ಪರದೆ ನಿನಗೆ ನೆನಪಿದೆಯಲ್ಲ? ಹಳೆಯ ಕ್ಯಾಲೆಂಡರ್ ನೋಡಿಕೊಂಡು ನಾನೇ ಬರೆದದ್ದು. ಅದರ ಮುಂದೆ ಎಷ್ಟು ಸಾವಿರ ಜನರನ್ನು ನಿಲ್ಲಿಸಿದ್ದೇನೋ. ನಿಜವಾದ ಬೆಟ್ಟವನ್ನು ನಾನು ಇದುವರೆಗೆ ಕಂಡಿಲ್ಲ. ಈಗ ಮಗಳ ನೆಪದಲ್ಲಿ ಕಾಣುತ್ತೇನೆ.

ಹೊತ್ತಿಗೆ ಕಳಿಸಬೇಡ. ನೀನು ಬಿಟ್ಟುಹೋದ ಅರುವತ್ತು ಇಲ್ಲೇ ಇವೆ. ಮಳೆ ಬಂದಾಗ ಒಂದೊಂದೇ ಓದುತ್ತಿದ್ದೇನೆ. ಕೆಲವು ಚೆನ್ನಾಗಿವೆ. ಎಲ್ಲವೂ ಸಿಟ್ಟಿನಲ್ಲೇ ಯಾಕೆ ಮುಗಿಯುತ್ತವೆ?

ನಿನ್ನ ಅಪ್ಪ


ಏಪ್ರಿಲ್ 7

ಅಪ್ಪನವರಿಗೆ,

ನೀವು ಬೇಕೆಂದೇ ಮಾಡಿದಿರೋ ಮರೆತು ಮಾಡಿದಿರೋ, ನಿಮ್ಮ ಕಾಗದ ಸ್ಟುಡಿಯೋದ ಲಕೋಟೆಯಲ್ಲಿ ಬಂತು. ಅದರ ಬೆನ್ನಿಗೆ ಕ್ಯಾಮೆರಾ ಚಿತ್ರದ ಮುದ್ರೆ. ಅಂಚೆ ತರುವ ಹೇಸರಗತ್ತೆಯವನು ಅದನ್ನು ತಲೆಯ ಮೇಲೆತ್ತಿ ಹಿಡಿದುಕೊಂಡೇ ಶಿಬಿರದೊಳಗೆ ಬಂದ.

"ಸಿಸ್ಟರ್, ನಿಮ್ಮಪ್ಪ ಫೋಟೋದವರಂತೆ! ಹೇಳ್ಲೇ ಇಲ್ವಲ್ಲ ಇಷ್ಟು ದಿನ!"

ಅಲ್ಲಿಂದ ನನಗೆ ನೆಮ್ಮದಿಯಿಲ್ಲ. ಇಲ್ಲಿ ಯಾರ ಹತ್ತಿರವೂ ಫೋಟೋ ಇಲ್ಲ. ಕೆಲಸದ ಚೀಟಿಗೆ ಅಂಟಿಸಿದ ಹೆಬ್ಬೆರಳಗಲದ್ದು ಒಂದಿದೆ, ಅದರಲ್ಲಿ ಎಲ್ಲರೂ ಕಳ್ಳರಂತೆ ಕಾಣುತ್ತಾರೆ. ಅಡುಗೆಯವನು ಮೀಸೆ ತಿದ್ದಿಕೊಳ್ಳಲು ಶುರು ಮಾಡಿದ್ದಾನೆ. ಜಲ್ಲಿ ಒಡೆಯುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳನ್ನು ಕಲ್ಲಜ್ಜಿ ಎನ್ನುತ್ತೇವೆ. ಆಕೆ ಕೆಮ್ಮಿನ ಔಷಧಕ್ಕೆ ಬಂದವಳು ಕೆಮ್ಮುವುದನ್ನೇ ಮರೆತು ಕೇಳಿದಳು: "ಸೂಜಿ, ನಿಮ್ಮಪ್ಪ ನನ್ನಂಥವಳನ್ನೂ ತೆಗೀತಾನಾ?" ಸೂಜಿ ಎಂದರೆ ನಾನು.

ಭಾನುವಾರ ಸಭೆ ಕರೆದೆ. ಅಡುಗೆ ಚಪ್ಪರದ ಕೆಳಗೆ ಎಲ್ಲರೂ ಬಂದರು. ಮದುವೆಯ ಫೋಟೋ ಎಂಬುದು ಉಳ್ಳವರ ಆಡಂಬರ, ಅದು ನಮ್ಮ ಕಣ್ಣಿಗೆ ಮಣ್ಣೆರಚುತ್ತದೆ, ನಾವು ಮಾಡಿದ ಕೆಲಸವೇ ನಮ್ಮ ಚಿತ್ರ ಎಂದು ಅರ್ಧ ಗಂಟೆ ಮಾತಾಡಿದೆ. ಶ್ರದ್ಧೆಯಿಂದ ಕೇಳಿದರು, ಚಪ್ಪಾಳೆಯನ್ನೂ ತಟ್ಟಿದರು. ಆಮೇಲೆ ಮತಕ್ಕೆ ಹಾಕಿದೆ. ನಲವತ್ತೊಂದು ಕೈ ಕ್ಯಾಮೆರಾ ಬರಲಿ ಎಂದು ಮೇಲೆದ್ದವು. ಬೇಡ ಎಂದು ಒಂದು. ಆ ಒಂದು ನನ್ನದು. ನನ್ನನ್ನು ಮದುವೆಯಾಗುವವನು ಮೂರು ಬೆರಳಿನ ಕೈಯನ್ನು ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ್ದ.

"ನೀನೂನಾ?" ಎಂದೆ.

"ಸಭೆ ಕರೆದಿದ್ದು ನೀನು, ಕೈ ಎತ್ತಿ ಅಂದಿದ್ದೂ ನೀನೇ. ಎತ್ತಿದ್ರೆ ನನ್ ತಪ್ಪಾ?"

ಬಹುಮತಕ್ಕೆ ತಲೆಬಾಗಬೇಕು ಎಂಬುದನ್ನು ನಾನು ಓದಿ ಕಲಿತಿದ್ದೇನೆ. ಆದ್ದರಿಂದ ನೀವು ಕ್ಯಾಮೆರಾ ತರಬಹುದು. ಅದು ಇವರಿಗಾಗಿ. ನಾನು ಅದರ ಮುಂದೆ ನಿಲ್ಲುವುದಿಲ್ಲ. ಆ ಪೆನ್ಸಿಲನ್ನು ಮಾತ್ರ ತರಕೂಡದು.

ನಿಮ್ಮ ಮಗಳು


ಏಪ್ರಿಲ್ 23

ಮುಂಗೋಪಿಗೆ,

ಲಕೋಟೆ ಮರೆತು ಹಾಕಿದ್ದು. ನಿನ್ನ ಅತ್ತೆ ನಂಬಲಿಲ್ಲ, ನೀನೂ ನಂಬಬೇಕಾಗಿಲ್ಲ.

ನಲವತ್ತೊಂದು ಜನರಿಗೆ ಶೀಟ್ ಫಿಲಂ ಐವತ್ತು ತರಿಸಿದ್ದೇನೆ. ಕಣ್ಣು ಮುಚ್ಚುವವರು ಒಂಬತ್ತು ಜನ ಇದ್ದೇ ಇರುತ್ತಾರೆ. ದೊಡ್ಡ ಸ್ಟ್ಯಾಂಡ್ ಕ್ಯಾಮೆರಾವನ್ನೇ ತರುತ್ತೇನೆ. ಅದರ ತೊಗಲಿನ ತಿದಿಗೆ ಎರಡು ಕಡೆ ತೂತು ಬಿದ್ದಿತ್ತು, ತೇಪೆ ಹಾಕಿದೆ. ಹಿತ್ತಾಳೆ ತಿರುಪುಗಳನ್ನು ಉಜ್ಜಿಟ್ಟಿದ್ದೇನೆ. ಕಪ್ಪು ಬಟ್ಟೆಯನ್ನು ಅತ್ತೆ ಒಗೆದಳು, "ಮೂವತ್ತು ವರ್ಷದ ಬೆವರು ಕಣೋ ಇದು" ಎಂದು ಬೈಯುತ್ತಲೇ ಒಗೆದಳು.

ನಾನು ಕೇಳುವುದಕ್ಕೆ ಸರಿಯಾಗಿ ಉತ್ತರ ಬರಿ. ಬೆಳಗ್ಗೆ ಬಿಸಿಲು ಯಾವ ಕಡೆಯಿಂದ ಬರುತ್ತದೆ? ಶಿಬಿರದ ಮೇಲೆ ನೆರಳು ಎಷ್ಟು ಹೊತ್ತಿಗೆ ಬೀಳುತ್ತದೆ? ಗಾಳಿ ಯಾವಾಗ ಏಳುತ್ತದೆ? ಹೇಸರಗತ್ತೆ ಮೇಲೆ ಪೆಟ್ಟಿಗೆ ಕಟ್ಟುವಾಗ ಗಾಜು ಯಾವ ಮಗ್ಗುಲಿಗೆ ಇರಬೇಕು, ಆ ಮನುಷ್ಯನನ್ನೇ ಕೇಳು. ನಿನಗೆ ತೋಚಿದ್ದನ್ನು ಬರೆಯಬೇಡ.

ಪರದೆ ತರುವುದಿಲ್ಲ. ನಿಜವಾದ ಬೆಟ್ಟವೇ ಅಲ್ಲಿರುವಾಗ ನನ್ನ ಬಣ್ಣದ ಬೆಟ್ಟವನ್ನು ಹೊತ್ತು ತಂದರೆ ಜನ ನಗುತ್ತಾರೆ. ಇದೊಂದು ವಿಷಯದಲ್ಲಾದರೂ ನಿನಗೆ ಸಮಾಧಾನವಾಗಬೇಕು.

ನಿನ್ನ ಅಪ್ಪ


ಮೇ 5

ಅಪ್ಪಾ,

ಬಿಸಿಲು ಎಡಗಡೆಯಿಂದ, ಏಳೂವರೆಗೆ. ಗಾಳಿ ಹನ್ನೊಂದರ ಮೇಲೆ ಏಳುತ್ತದೆ, ಎದ್ದರೆ ಡೇರೆಯ ಗೂಟವನ್ನೂ ಕೀಳುತ್ತದೆ. ಗಾಜು ಬೆಟ್ಟದ ಕಡೆಗಿರಬೇಕಂತೆ, ಕಣಿವೆಯ ಕಡೆಗೆ ಬೇಡ. "ಬಿದ್ರೆ ನಾವೆಲ್ರೂ ಹೋಗ್ತೀವಿ, ಆಗ ಗಾಜಿನ ಚಿಂತೆ ಯಾಕೆ ಅಂತ ಕೇಳಿ ಅವ್ರನ್ನ" ಎಂದೂ ಹೇಸರಗತ್ತೆಯವನು ಹೇಳಿದ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಇವರಿಗೆ ಬೆಟ್ಟ ಬೇಡವಂತೆ.

ಎಲ್ಲಿ ನಿಲ್ಲಿಸಿದರೆ ಶಿಖರ ಚೆನ್ನಾಗಿ ಕಾಣುತ್ತದೆ ಎಂದು ಜಾಗ ಗುರುತು ಮಾಡಲು ಸುಣ್ಣದ ಡಬ್ಬ ಹಿಡಿದು ಹೊರಟಿದ್ದೆ. ನಿಮ್ಮ ಶ್ರಮ, ನಿಮ್ಮ ಬೆಟ್ಟ, ನೀವು ಕಡಿದ ದಾರಿ, ಇದರ ಮುಂದೆ ತಲೆಯೆತ್ತಿ ನಿಲ್ಲಿ ಎಂದು ಹೇಳುತ್ತಿದ್ದೆ. ಕಲ್ಲಜ್ಜಿ ಸುತ್ತಿಗೆ ಕೆಳಗಿಟ್ಟಳು.

"ಇದ್ರ ಮುಂದೆನಾ? ಹನ್ನೊಂದು ವರ್ಷದಿಂದ ಇದ್ರ ಜೊತೆ ಜಗಳ ನಂದು. ಫೋಟೋದಲ್ಲೂ ಇದೇ ಬರ್ಬೇಕಾ ಸೂಜಿ?"

"ಮತ್ತೇನು ಬೇಕು ಅಜ್ಜಿ?"

"ಸಮುದ್ರ."

ಸುತ್ತ ಕೂತಿದ್ದವರೆಲ್ಲ ಹೌದು ಹೌದು ಎಂದರು. ಅಡುಗೆಯವನು ಒಳಗಿನಿಂದ ಸೌಟು ಹಿಡಿದೇ ಓಡಿ ಬಂದು "ಹಡಗೂ ಇರ್ಲಿ" ಎಂದ. ಇವರಲ್ಲಿ ಒಬ್ಬರೂ ಸಮುದ್ರ ನೋಡಿಲ್ಲ ಅಪ್ಪಾ. ಅದು ಸುಳ್ಳಾಗುತ್ತದೆ, ನೀವು ಎಂದೂ ಹೋಗದ ಜಾಗಕ್ಕೆ ಹೋದಂತೆ ತೋರಿಸಿಕೊಳ್ಳುವುದು ಸರಿಯಲ್ಲ ಎಂದೆ. ಅಜ್ಜಿ ಕೈಯ ಧೂಳು ಕೊಡವಿಕೊಂಡಳು.

"ನಾನು ಸಮುದ್ರ ನೋಡಿಲ್ಲ. ಇನ್ನು ನೋಡೋದೂ ಇಲ್ಲ. ಅದ್ರ ಮುಂದೆ ಒಂದು ಗಳಿಗೆ ನಿಂತ್ಕೊಂಡ್ರೆ ನಿಂಗೇನಮ್ಮ ನಷ್ಟ?"

ಇದಕ್ಕೆ ಉತ್ತರ ಹುಡುಕಿ ನನ್ನ ಪೆಟ್ಟಿಗೆಯಲ್ಲಿರುವ ಹೊತ್ತಿಗೆಗಳನ್ನೆಲ್ಲ ತಿರುವಿದೆ. ಯಾರೂ ಬರೆದಿಲ್ಲ. ನನಗೆ ಇನ್ನೂ ಸಿಟ್ಟಿದೆ. ಯಾರ ಮೇಲೆ ಎಂದು ಸರಿಯಾಗಿ ಹೇಳಲು ಬರುತ್ತಿಲ್ಲ.

ಸಮುದ್ರ ಬರೆಯಲು ನಿನಗೆ ಬರುತ್ತದೆಯೇ?

ನಿನ್ನ ಮಗಳು


ಮೇ 6

ಪೂಜ್ಯ ಮಾವನವರಿಗೆ,

ನಾನು ಬುಲ್ಡೋಜರಿನವನು. ಈ ಕಾಗದ ಬರೆದದ್ದು ಅವಳಿಗೆ ಗೊತ್ತಿಲ್ಲ. ನನ್ನ ಅಕ್ಷರ ಚೆನ್ನಾಗಿಲ್ಲ, ದಯವಿಟ್ಟು ಹೊಂದಿಸಿಕೊಂಡು ಓದಿ.

ಒಂದು ಬೇಡಿಕೆ ಇದೆ. ಫೋಟೋ ತೆಗೆಯುವಾಗ ನನ್ನ ಎಡಗೈ ಕಾಣದ ಹಾಗೆ ನಿಲ್ಲಿಸಬೇಕು. ಅವಳು ಆ ಕೈಯನ್ನು ಎಲ್ಲರಿಗೂ ತೋರಿಸುತ್ತಾಳೆ, ಇದು ದುಡಿದ ಕೈ, ಪದಕಕ್ಕಿಂತ ದೊಡ್ಡದು ಎನ್ನುತ್ತಾಳೆ. ಸಭೆಯಲ್ಲಿ ನಾನೂ ಎತ್ತಿ ತೋರಿಸುತ್ತೇನೆ. ಅದು ನಮ್ಮ ಜನ, ಪರವಾಗಿಲ್ಲ. ಆದರೆ ಈ ಫೋಟೋವನ್ನು ನನ್ನ ತಾಯಿಗೆ ಕಳಿಸಬೇಕು. ಬೆರಳು ಹೋದ ಸುದ್ದಿ ಅವರಿಗೆ ನಾನು ಹೇಳಿಲ್ಲ. ಎದುರಿಗೆ ಕೂತು ಹೇಳಬೇಕು ಎಂದುಕೊಂಡಿದ್ದೇನೆ, ಫೋಟೋ ನೋಡಿ ತಿಳಿಯಬಾರದು.

ಅವಳು ಸುಸ್ತಾದಾಗ ಎಡಗೆನ್ನೆಯನ್ನು ಬೆರಳಿನಿಂದ ಉಜ್ಜಿಕೊಳ್ಳುತ್ತಾಳೆ. ನಿಮ್ಮ ಕಾಗದ ಬಂದ ದಿನ ಜಾಸ್ತಿ. ಕೆಟ್ಟದ್ದಕ್ಕೆ ಹೇಳುತ್ತಿಲ್ಲ. ಕಾಗದವನ್ನು ಎರಡು ದಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಾಳೆ.

ನೀವು ಬರುವ ದಾರಿಯನ್ನು ನಾನೇ ಸಾಪು ಮಾಡಿರುತ್ತೇನೆ. ಧೈರ್ಯವಾಗಿ ಬನ್ನಿ.

ನಿಮ್ಮ ಅಳಿಯನಾಗುವವನು


ಮೇ 22

ಮಗಳೇ,

ಸಮುದ್ರ ಮುಗಿಯಿತು. ಹನ್ನೆರಡು ಅಡಿ ಅಗಲ, ಒಂಬತ್ತು ಅಡಿ ಎತ್ತರ. ಒಣಗಲು ಸ್ಟುಡಿಯೋದ ಉದ್ದಕ್ಕೂ ತೂಗುಹಾಕಿದ್ದೇನೆ, ಬಂದವರೆಲ್ಲ ಬಗ್ಗಿ ಅದರ ಅಡಿಯಿಂದ ನುಸುಳಬೇಕು. ಪಕ್ಕದ ಸೈಕಲ್ ಅಂಗಡಿಯವನು ನೋಡಿ, "ಅಲೆಗಳು ಉತ್ತ ಹೊಲದ ಹಾಗಿವೆಯಲ್ಲ ಸಾರ್" ಎಂದ. ನಾನೂ ಸಮುದ್ರ ನೋಡಿದವನಲ್ಲ, ಏನು ಮಾಡಲಿ. ಹಡಗು ಹಾಕಿದ್ದೇನೆ. ಅದಕ್ಕೆ ಹೊಗೆಯೂ ಇದೆ.

ನಿನ್ನ ಅತ್ತೆ ಕೇಳಿದಳು: "ಫೋಟೋ ಬರೋದು ಕಪ್ಪು ಬಿಳುಪಲ್ಲಿ. ಇಷ್ಟೊಂದು ನೀಲಿ ಬಣ್ಣ ಯಾಕೋ ಸುರೀತೀಯ?"

"ನಿಲ್ಲೋಕೆ ಮುಂಚೆ ಒಂದ್ಸಲ ತಿರುಗಿ ನೋಡ್ತಾರಲ್ಲಕ್ಕ," ಎಂದೆ.

ಇನ್ನು ಮುಂದಿನದನ್ನು ಕೂತು ಓದು.

ನಿನ್ನ ಕೆನ್ನೆಯ ಮೇಲೆ ಬಿದ್ದದ್ದು ಬಿಸಿನೀರು ಎಂದು ನಿನ್ನ ಅಮ್ಮ ಹೇಳುತ್ತಿದ್ದಳು. ಅವಳು ಹೋದ ಮೇಲೆ ನಾನೂ ಅದನ್ನೇ ಹೇಳಿದೆ. ಅದು ನಿಜವಲ್ಲ. ನಿನಗೆ ಮೂರೂವರೆ ವರ್ಷ. ಸ್ಟುಡಿಯೋದ ಕಿಟಕಿಯಲ್ಲಿಡಲು ಒಂದು ಮಗುವಿನ ಫೋಟೋ ಬೇಕಿತ್ತು. ನಿನ್ನನ್ನು ಸ್ಟೂಲಿನ ಮೇಲೆ ಕೂರಿಸಿದೆ. ನಿನ್ನ ಕೈಯಲ್ಲಿ ನೀರಿನ ಲೋಟ ಇತ್ತು, ಕಿತ್ತುಕೊಂಡರೆ ಅಳುತ್ತೀಯ ಎಂದು ಬಿಟ್ಟೆ. ಕಣ್ಣಿನೊಳಗೆ ಬೆಳಕಿನ ಚುಕ್ಕೆ ಬರಲಿ ಎಂದು ದೊಡ್ಡ ದೀಪವನ್ನು ಹತ್ತಿರಕ್ಕೆ ತಂದೆ. ಇನ್ನೂ ಸ್ವಲ್ಪ ಹತ್ತಿರಕ್ಕೆ ತಂದೆ. ನಿನ್ನ ಅಮ್ಮ "ಸಾಕು" ಎಂದಳು. ಇನ್ನೂ ಒಂದು ಗೇಣು ತಂದೆ. ಬಲ್ಬು ಒಡೆಯಿತು.

ಆ ಫೋಟೋ ಬರಲಿಲ್ಲ. ಆ ಚುಕ್ಕೆ ಮಾತ್ರ ನನಗೆ ಇಂದಿಗೂ ಕಾಣುತ್ತದೆ.

ಅಂದಿನಿಂದ ನಿನ್ನ ಯಾವ ನೆಗೆಟಿವ್ ಕೈಗೆ ಬಂದರೂ ಪೆನ್ಸಿಲನ್ನು ಉಪ್ಪುಕಾಗದಕ್ಕೆ ಉಜ್ಜಿ ಸೂಜಿಮೊನೆ ಮಾಡುತ್ತೇನೆ, ಅದು ತಾನಾಗಿಯೇ ಆ ಜಾಗಕ್ಕೆ ಹೋಗುತ್ತದೆ. ನೀನು ಹರಿದಿಟ್ಟ ಫೋಟೋ ತೆಗೆದಾಗಲೂ ಹಾಗೇ ಆಯಿತು. ಗಂಡಿನ ಕಡೆಯವರು ಏನೆಂದುಕೊಳ್ಳುತ್ತಾರೆ ಎಂಬುದು ನನ್ನ ತಲೆಯಲ್ಲಿ ಇರಲಿಲ್ಲ. ಇದ್ದಿದ್ದರೆ ನಿನ್ನ ಸಿಟ್ಟಿಗೆ ಉತ್ತರವನ್ನಾದರೂ ಕೊಡುತ್ತಿದ್ದೆ.

ಇದನ್ನು ಓದಿದ ಮೇಲೆ ಬರಬೇಡ ಎಂದರೆ ಬರುವುದಿಲ್ಲ. ಸಮುದ್ರವನ್ನು ಮಾತ್ರ ಕಳಿಸುತ್ತೇನೆ, ಅವರು ಕಾಯುತ್ತಿದ್ದಾರೆ. ಮಡಿಸಬಾರದು ಎಂದು ಹೇಳು. ಮಡಿಸಿದರೆ ಬಣ್ಣ ಒಡೆಯುತ್ತದೆ. ಸುತ್ತಬೇಕು.

ಅಪ್ಪ


ಜೂನ್ 2

ಅಪ್ಪಾ,

ಹತ್ತನೇ ತಾರೀಕು ಬೆಳಗಿನ ಬಸ್ಸು ಹಿಡಿ. ಎರಡು ಜೊತೆ ಉಣ್ಣೆಯ ಕಾಲುಚೀಲ ತಾ. ಕಿವಿ ಮುಚ್ಚುವ ಟೋಪಿ ತಾ. ಕೊನೆಯ ನಿಲ್ದಾಣದಲ್ಲಿ ಹೇಸರಗತ್ತೆಯವನು ಕಾಯುತ್ತಿರುತ್ತಾನೆ. ಮೇಲೇರುವಾಗ ತಲೆ ಸುತ್ತಿದರೆ ನಾಚಿಕೊಳ್ಳದೆ ಕೂತುಬಿಡು. ಸಮುದ್ರವನ್ನು ಸುತ್ತಿ ನೀನೇ ತಾ, ಬೇರೆ ಯಾರ ಕೈಯಲ್ಲೂ ಕಳಿಸಬೇಡ.

ಬಿಸಿನೀರಲ್ಲ ಎಂಬುದು ನನಗೆ ಒಂದು ವರ್ಷದಿಂದ ಗೊತ್ತು. ಇಲ್ಲಿ ಸುಟ್ಟ ಗಾಯಗಳಿಗೆ ದಿನಾ ಔಷಧ ಹಚ್ಚುತ್ತೇನೆ. ನೀರು ಬಿದ್ದರೆ ಗುರುತು ಕೆಳಕ್ಕೆ ಹರಿದಿರುತ್ತದೆ. ನನ್ನದು ಚದುರಿದೆ. ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ.

ಕಾದ ಬಲ್ಬು ಸುಮ್ಮನೆ ಒಡೆಯುವುದಿಲ್ಲ ಅಪ್ಪಾ. ಒಂದು ಹನಿ ತಣ್ಣೀರು ತಾಗಿದರೆ ಒಡೆಯುತ್ತದೆ. ಲೋಟ ಯಾರ ಕೈಯಲ್ಲಿತ್ತು ಎಂದು ನೀನೇ ಬರೆದಿದ್ದೀಯ. ಬಾಯಿ ತುಂಬ ನೀರು ತುಂಬಿಕೊಂಡು ನಿನ್ನ ದೀಪಕ್ಕೆ ಉಗಿದಿದ್ದರೂ ಉಗಿದಿರಬಹುದು. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಮುಂಗೋಪಿ


ಜೂನ್ 15, ಶಿಬಿರದಿಂದ

ಅಕ್ಕಾ,

ಮದುವೆ ಆಯಿತು. ಬಸ್ಸಿಗೆ ಹೆದರಿ ನೀನು ಉಳಿದದ್ದಕ್ಕೆ ಇಲ್ಲಿ ಎಲ್ಲರೂ ಬೈದರು. ನಿನ್ನ ಸೋದರಸೊಸೆಯೂ ಬೈದಳು. ಆದ್ದರಿಂದ ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ.

ಮೊದಲು ಬೆಟ್ಟದ ಮಾತು. ನಾನು ಇಷ್ಟು ವರ್ಷ ಬರೆದದ್ದು ನೀಲಿ ಬೆಟ್ಟ. ಹತ್ತಿರದಿಂದ ಇದಕ್ಕೆ ಒದ್ದೆ ಗೋಣಿಚೀಲದ ಬಣ್ಣ. ನೋಡಿದರೆ ಮಾತು ನಿಲ್ಲುತ್ತದೆ, ಅದಂತೂ ನಿಜ. ಮೂರು ಕಡೆ ಕೂತು ಏರಿದೆ. ಹೇಸರಗತ್ತೆಯವನು "ಸಮುದ್ರ ತಗೊಂಡು ಬೆಟ್ಟ ಹತ್ತೋ ಮೊದಲನೇ ಮನುಷ್ಯ ನೀವೇ ಸಾರ್" ಎಂದು ದಾರಿಯುದ್ದಕ್ಕೂ ನಗುತ್ತಿದ್ದ.

ಅವಳು ತಿರುವಿನಲ್ಲೇ ನಿಂತಿದ್ದಳು. ಬಿಳಿ ಕೋಟು, ಕಾಲಿಗೆ ಗಂಡಸರ ಬೂಟು. "ಕಾಲುಚೀಲ ಹಾಕಿದ್ಯಾ?" ಎಂದು ಕೇಳಿದಳು. ಹಾಕಿದ್ದೇನೆ ಎಂದೆ. ನಮ್ಮಿಬ್ಬರ ಮಾತು ಅಷ್ಟೇ. ಆಮೇಲೆ ಬಗ್ಗಿ ನನ್ನ ಷರಾಯಿ ಎತ್ತಿ ನೋಡಿ ಖಚಿತ ಮಾಡಿಕೊಂಡಳು.

ಹದಿನಾಲ್ಕರ ಬೆಳಗ್ಗೆ ಏಳೂವರೆಗೆ ಸಮುದ್ರ ತೂಗಿಸಿದೆವು. ಎರಡು ಕಂಬ, ಮೇಲೊಂದು ಗಳ. ಸುರುಳಿ ಬಿಚ್ಚುತ್ತಾ ಬಂದಾಗ ಎಲ್ಲರೂ ಸುತ್ತ ನೆರೆದರು. ಕಲ್ಲಜ್ಜಿ ಎಂಬ ಮುದುಕಿ ಮುಂದೆ ಬಂದು ಅಂಗೈ ಇಟ್ಟು ನೋಡಿ, "ಒದ್ದೆಯಿಲ್ಲ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನು ಬಣ್ಣದ ವಿಷಯ ಕೇಳಿದ್ದೆಯಲ್ಲ, ಒಬ್ಬೊಬ್ಬರೂ ನಿಲ್ಲುವ ಮೊದಲು ತಿರುಗಿ ನೋಡಿದರು ಅಕ್ಕಾ. ಒಬ್ಬರೂ ತಪ್ಪಲಿಲ್ಲ.

ಅಡುಗೆಯವನು ಹಡಗಿನ ಪಕ್ಕಕ್ಕೇ ನಿಂತ. ಮೇಸ್ತ್ರಿ ಮೂರು ಸಲ ಕಣ್ಣು ಮುಚ್ಚಿದ. ಕಲ್ಲಜ್ಜಿ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದು ಏನೋ ಕೇಳಿದಳು. ಆಗಲಿ ಎಂದೆ. ಏನೆಂದು ನಿನಗೂ ಹೇಳುವುದಿಲ್ಲ.

ಹತ್ತೂಮುಕ್ಕಾಲಿಗೆ ಎಲ್ಲರದ್ದೂ ಮುಗಿಯಿತು. ಅಷ್ಟರಲ್ಲಿ ನೋಂದಣಿ ಅಧಿಕಾರಿ ಬಂದರು, ಸಹಿಗಳಾದವು. ಅಳಿಯನ ಪರವಾಗಿ ಮೇಸ್ತ್ರಿ ಸಾಕ್ಷಿ, ಅವಳ ಪರವಾಗಿ ಕಲ್ಲಜ್ಜಿಯ ಹೆಬ್ಬೆಟ್ಟು. "ಇನ್ನು ಗಂಡ ಹೆಂಡ್ತಿ ನಿಂತ್ಕೊಳ್ಳಿ" ಎಂದು ಯಾರೋ ಕೂಗಿದರು. ಅವಳು ತಲೆ ಅಲ್ಲಾಡಿಸಿದಳು. ನಾನು ಕ್ಯಾಮೆರಾ ಬಿಚ್ಚಲು ಶುರು ಮಾಡಿದೆ, ಅವಳನ್ನು ಒತ್ತಾಯ ಮಾಡಬಾರದು ಎಂದು ದಾರಿಯಲ್ಲೇ ತೀರ್ಮಾನಿಸಿಕೊಂಡಿದ್ದೆ.

ಆಗ ಕಲ್ಲಜ್ಜಿ, "ಯಾಕೆ ಸೂಜಿ? ನಾವೆಲ್ಲ ನಿಂತ ಜಾಗ ನಿನ್ ಕಾಲಿಗೆ ಆಗಲ್ವಾ?" ಎಂದಳು.

"ಹಾಗಲ್ಲ ಅಜ್ಜಿ. ಅದು ಬರೀ ಬಟ್ಟೆ..."

"ನಾವೇನು ಅದು ನೀರು ಅಂತ ನಿಂತ್ವಾ? ನಿಮ್ಮಪ್ಪ ನಮಗೋಸ್ಕರ ಬರ್ದಿದ್ದಾನೆ ಅಂತ ನಿಂತ್ವಿ."

ಅಕ್ಕಾ, ಅವಳು ಬಿಳಿ ಕೋಟು ಬಿಚ್ಚಿ ಅಡುಗೆಯವನ ಕೈಗೆ ಕೊಟ್ಟು ಹೋಗಿ ನಿಂತಳು.

ಗಾಳಿ ಏಳುವ ಹೊತ್ತಾಗಿತ್ತು. ಸಮುದ್ರ ಉಬ್ಬತೊಡಗಿತು. ಆರು ಜನ ಹಿಂದೆ ಹೋಗಿ ಅದನ್ನು ಬೆನ್ನಿನಿಂದ ಒತ್ತಿ ಹಿಡಿದರು. ಅಳಿಯ ನನ್ನ ಮುಖ ನೋಡಿದ. ಅವನ ಎಡಗೈ ಬೆನ್ನ ಹಿಂದಿತ್ತು. ಅವನಿಗೆ ನಾನೊಂದು ಮಾತು ಕೊಟ್ಟಿದ್ದೆ. ಅವಳಿಗೆ ತಕ್ಷಣ ತಿಳಿಯಿತು.

"ಕೈ ಎಲ್ಲಿ?"

"ಇದೆ, ಎಲ್ಲಿಗೆ ಹೋಗುತ್ತೆ?"

"ಮುಂದೆ ತೆಗಿ."

"ಅಮ್ಮನಿಗೆ ಕಳ್ಸೋ ಫೋಟೋ ಕಣೆ. ನಾನೇ ಹೋಗಿ ಹೇಳ್ಬೇಕು ಅವಳಿಗೆ."

ಈಗ ಭಾಷಣ ಬರುತ್ತದೆ ಎಂದು ನಲವತ್ತು ಜನವೂ ಕಾದರು. ನಾನೂ ಕಾದೆ.  ಅವಳು ತನ್ನ ಬಲಗೈಯನ್ನೂ ಬೆನ್ನ ಹಿಂದಕ್ಕೆ ಒಯ್ದು ಅವನ ಕೈಯನ್ನು ಅಲ್ಲೇ ಹಿಡಿದುಕೊಂಡಳು.

ಹಿಡಿದುಕೊಂಡು ನನ್ನನ್ನು ಕೇಳಿದಳು: "ಯಾವ ಕಡೆ ತಿರುಗ್ಲಿ ಅಪ್ಪಾ?"

ಅವಳಿಗೆ ನಾಲ್ಕು ವರ್ಷವಾದಾಗಿನಿಂದ ನಾನು ಎಡಕ್ಕೆ ತಿರುಗು ಎನ್ನುತ್ತಿದ್ದೆ. ಬಲಗೆನ್ನೆ ಮಾತ್ರ ಕಾಣುವ ಹಾಗೆ.

"ನೇರ ನೋಡು," ಎಂದೆ.

ಕಪ್ಪು ಬಟ್ಟೆಯೊಳಗೆ ತಲೆ ಹಾಕಿದೆ. ಗಾಜಿನ ಮೇಲೆ ಎಲ್ಲ ತಲೆಕೆಳಗಾಗಿ ಕಾಣುತ್ತದಲ್ಲ, ಸಮುದ್ರ ಮೇಲೆ, ಆಕಾಶ ಕೆಳಗೆ, ನಡುವೆ ನನ್ನ ಮಗಳು. ನೀನು ಒಗೆದ ಮೇಲೂ ಬಟ್ಟೆಗೆ ಅದೇ ಹಳೆಯ ವಾಸನೆ. ಒಳಗೆ ಸ್ವಲ್ಪ ಹೊತ್ತು ಹೆಚ್ಚಾಯಿತು. "ಏನಾಯ್ತು ಸಾರ್, ಮಿಷನ್ ಕೆಟ್ಟೋಯ್ತಾ?" ಎಂದು ಮೇಸ್ತ್ರಿ ಕೇಳಿದ. ಫೋಕಸ್ ಸಿಗುತ್ತಿಲ್ಲ ಎಂದೆ.

ಊಟಕ್ಕೆ ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದರು. ಬಿಸಿಬಿಸಿ ಬಡಿಸಿದರು. ನಾಲಗೆ ಸುಟ್ಟುಕೊಂಡೆ.

ನಿನ್ನ ತಮ್ಮ


ಜುಲೈ 9

ಮಗಳೇ,

ಪ್ರಿಂಟುಗಳನ್ನು ರಟ್ಟಿನ ನಡುವೆ ಇಟ್ಟು ಕಳಿಸಿದ್ದೇನೆ, ಬಿಚ್ಚುವಾಗ ಕತ್ತರಿ ಹಾಕಬೇಡ. ಬೀಗಿತ್ತಿಗೆ ಬೇರೆ ಒಂದು ಪ್ರತಿ ಇದೆ, ಅಳಿಯನೇ ಕೈಯಾರೆ ಕೊಡಲಿ.

ನಿಮ್ಮಿಬ್ಬರ ನೆಗೆಟಿವ್ ಒಂದು ದಿನ ಪೂರ್ತಿ ಮುಖ ತಿದ್ದುವ ಟಚಿಂಗ್ ಮೇಜಿನ ಮೇಲಿತ್ತು. ಪೆನ್ಸಿಲಿಗೆ ಮೊನೆ ಮಾಡಿಯೂ ಇಟ್ಟಿದ್ದೆ, ಅದು ಕೈಯ ಅಭ್ಯಾಸ. ಆಮೇಲೆ ಆ ಮೊನೆಯಿಂದ ಹಾಲಿನವನಿಗೆ ಚೀಟಿ ಬರೆದೆ.

ಅಪ್ಪ


ಆಗಸ್ಟ್ 1

ಅಪ್ಪಾ,

ಫೋಟೋಗಳು ಬಂದು ಆರು ದಿನವಾಯಿತು. ಇಲ್ಲಿ ಕೆಲಸ ಅರ್ಧಕ್ಕೆ ನಿಂತಿದೆ. ಎಲ್ಲರೂ ತಮ್ಮದನ್ನು ಅಂಗಿಯೊಳಗೆ ಇಟ್ಟುಕೊಂಡು ಗಂಟೆಗೊಮ್ಮೆ ತೆಗೆದು ನೋಡುತ್ತಾರೆ. ಅಡುಗೆಯವನು ಹಡಗಿನ ಹೊಗೆಯನ್ನು ಎಲ್ಲರಿಗೂ ತೋರಿಸುತ್ತಾ, ಅದು ನನ್ನ ಒಲೆಯದು ಎನ್ನುತ್ತಾನೆ.

ಕಲ್ಲಜ್ಜಿಯ ಹಣೆಯಲ್ಲಿ ಒಟ್ಟು ಏಳು ಗೆರೆಗಳಿವೆ. ಫೋಟೋದಲ್ಲಿ ಐದು. ಎಣಿಸಿದ್ದೇನೆ. ಆಕೆ ಕಿವಿಯಲ್ಲಿ ಕೇಳಿದ್ದು ಇದನ್ನೇ ತಾನೆ? ಪೆನ್ಸಿಲ್ ತರಬಾರದು ಎಂದಿದ್ದೆ, ಮನೆಗೆ ಹೋಗಿ ಮುಟ್ಟಬಾರದು ಎಂದಿರಲಿಲ್ಲ. ನಿನ್ನ ಜಾಣತನ ನನಗೆ ತಿಳಿಯುವುದಿಲ್ಲವೇ. ನಿನ್ನೆ ಆಕೆಯ ಬಳಿ ಇದನ್ನು ಎತ್ತೋಣ ಎಂದು ಹೋದೆ. ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಜಲ್ಲಿ ಒಡೆಯುತ್ತಿದ್ದಳು. ಕೆಮ್ಮು ಹೇಗಿದೆ ಎಂದು ಕೇಳಿ ಬಂದುಬಿಟ್ಟೆ.

ನಮ್ಮದರಲ್ಲಿ ಎಲ್ಲ ಇದೆ. ಚದುರಿದ್ದು ಚದುರಿದ ಹಾಗೇ ಇದೆ. ಅವನು ನೋಡಿ, "ನಾನೇನೋ ಚೆನ್ನಾಗಿ ಬಂದಿದ್ದೀನಿ, ನೀನು ಯಾಕೆ ಜಗಳಕ್ಕೆ ನಿಂತ ಹಾಗಿದ್ದೀಯ?" ಎಂದ. ಮುಂದಿನ ವಾರ ತಾಯಿಯ ಊರಿಗೆ ಹೋಗುತ್ತಿದ್ದಾನೆ. ಫೋಟೋ ಒಂದು ಕೈಯಲ್ಲಿ, ಇನ್ನೊಂದು ಕೈ ತೋರಿಸಲಿಕ್ಕೆ.

ಒಂದು ಕೇಳುತ್ತೇನೆ. ನಾನು ಹರಿದುಹಾಕಿದ ಆ ಫೋಟೋದ ನೆಗೆಟಿವ್ ಇನ್ನೂ ಇದ್ದರೆ ಒಂದು ಪ್ರತಿ ಕಳಿಸು. ಅದು ನನ್ನ ಫೋಟೋ ಅಲ್ಲ, ಗೊತ್ತು. ದೀಪವನ್ನು ಒಂದು ಗೇಣು ಹಿಂದೆ ಇಟ್ಟಿದ್ದರೆ ಹೇಗಿರುತ್ತಿದ್ದೆ ಎಂದು ನೀನು ಬರೆದುಕೊಂಡ ಚಿತ್ರ. ಇದರ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ.

ಸಮುದ್ರವನ್ನು ವಾಪಸು ಕಳಿಸಲು ಯಾರೂ ಬಿಡುತ್ತಿಲ್ಲ. ಔಷಧದ ಕೊಠಡಿಯ ಗೋಡೆಗೆ ತೂಗಿಸಿದ್ದೇನೆ, ಅರ್ಧ ಮಾತ್ರ ಹಿಡಿಸಿತು, ಉಳಿದರ್ಧ ಸುರುಳಿಯಲ್ಲಿದೆ. ಗಾಯಕ್ಕೆ ಅಂಟಿದ ಕಟ್ಟು ಬಿಚ್ಚುವಾಗ ಮೊದಲೆಲ್ಲ ಹಲ್ಲು ಕಚ್ಚಿಕೊಳ್ಳಿ ಎನ್ನುತ್ತಿದ್ದೆ. ಈಗ ಅತ್ತ ನೋಡಿ ಎನ್ನುತ್ತೇನೆ. ನೋಡುತ್ತಾರೆ. ಅಷ್ಟರಲ್ಲಿ ಬಿಚ್ಚಿ ಆಗಿರುತ್ತದೆ.

ಸೈಕಲ್ ಅಂಗಡಿಯವನಿಗೆ ಹೇಳು. ಅದನ್ನು ಸಮುದ್ರ ಎಂದು ಇಲ್ಲಿ ನಲವತ್ತೊಂದು ಜನ ಒಪ್ಪಿದ್ದರು. ಈಗ ನಲವತ್ತೆರಡು.

ನಿನ್ನ ಮುಂಗೋಪಿ